ಮಾಜಿ ಸೆನೆಟರ್‌ಗಳ ಲಾಬಿ ಕಂಪನಿಯೋ, ಬೇರೆ ದಾರಿಯೋ? ವಾಷಿಂಗ್ಟನ್‌ನಲ್ಲಿ ಯಾರನ್ನು ಆರಿಸಬೇಕು

2010ರ ಆಗಸ್ಟ್‌ನಲ್ಲಿ ಅಮೆರಿಕದ ಸೆನೆಟ್ ಮುಂದೆ ಒಂದು ಮಸೂದೆ ಬಂತು. ಮೆಕ್ಸಿಕೊ ಗಡಿಯ ಕಾವಲಿಗೆ 60 ಕೋಟಿ ಡಾಲರ್ ಕೊಡುವ ಮಸೂದೆ ಅದು. ದುಡ್ಡು ಎಲ್ಲಿಂದ ತರುವುದು? ಹೊರದೇಶದ ನೌಕರರು ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ಮತ್ತು ಎಲ್-1 ವೀಸಾಗಳ ಶುಲ್ಕದಿಂದ. ಅಮೆರಿಕದಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿದ್ದು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ವೀಸಾಗಳ ಮೇಲಿದ್ದರೆ, ಆ ಕಂಪನಿ ಪ್ರತಿ ಎಚ್-1ಬಿ ಅರ್ಜಿಗೆ 2,000 ಡಾಲರ್ ಹೆಚ್ಚಿಗೆ ಕಟ್ಟಬೇಕು ಅಂತ ಬರೆದರು. ಸೆನೆಟರ್ ಚಕ್ ಶೂಮರ್ ಸದನದಲ್ಲೇ ನಮ್ಮ ಇನ್ಫೋಸಿಸ್ ಹೆಸರೆತ್ತಿ, ಕದ್ದ ಕಾರು ಬಿಚ್ಚಿ ಮಾರುವ ಅಡ್ಡೆಗೆ ಬಳಸುವ ಪದದಿಂದ ಅದನ್ನು ಕರೆದರು. ಆಮೇಲೆ ಆ ಪದ ತಿದ್ದಿಕೊಂಡರು, ಮಸೂದೆ ತಿದ್ದಲಿಲ್ಲ. ಆಗಸ್ಟ್ 13ಕ್ಕೆ ಒಬಾಮಾ ಸಹಿ ಹಾಕಿದರು. ಸೆನೆಟ್ ಮೊದಲು ಒಪ್ಪಿದ ದಿನದಿಂದ ಕಾನೂನಾಗುವವರೆಗೆ ಹಿಡಿದದ್ದು ಸುಮಾರು ಒಂದು ವಾರ. 2015ರ ಡಿಸೆಂಬರ್‌ನಲ್ಲಿ ಅದೇ ಶುಲ್ಕ 4,000 ಡಾಲರ್ ಆಯಿತು.

ಗಡಿಗೂ ಸಾಫ್ಟ್‌ವೇರಿಗೂ ಏನು ಸಂಬಂಧ ಅಂತ ಕೇಳಬೇಡಿ. ಹಣದ ಮೂಲ ಬೇಕಿತ್ತು. ಅಲ್ಲಿ ಮತ ಇಲ್ಲದವರ ಮೇಲೆ ಹೊರಿಸುವುದು ಸುಲಭ.

ಇಂಥ ಹೊತ್ತಿನಲ್ಲಿ ಯಾರನ್ನು ಹಿಡಿದರೆ ಕೆಲಸ ಆಗುತ್ತೆ ಅನ್ನುವುದು ಎಲ್ಲರ ಪ್ರಶ್ನೆ. ಬೆಂಗಳೂರಿನ ನಡುಗಾತ್ರದ ಐಟಿ ಕಂಪನಿಗಳ ಪ್ರಶ್ನೆಯೂ ಅದೇ. ಅಮೆರಿಕದಲ್ಲೇ ಇರುವ ನಮ್ಮ ಡಾಕ್ಟರ್‌ಗಳು, ಉದ್ಯಮಿಗಳು, ಅವರ ಸಂಘಗಳ ಪ್ರಶ್ನೆಯೂ ಅದೇ. ಮೊದಲು ಕಣ್ಣಿಗೆ ಬೀಳುವುದು ಮಾಜಿ ಸೆನೆಟರ್‌ಗಳು, ಮಾಜಿ ಸಂಸದರು ತಮ್ಮ ಹೆಸರಿನಲ್ಲೇ ತೆರೆದಿರುವ ಲಾಬಿ ಕಂಪನಿಗಳು, ಅಂದರೆ ದುಡ್ಡು ಪಡೆದು ಗಿರಾಕಿಯ ಪರ ಸಂಸದರ, ಅಧಿಕಾರಿಗಳ ಮನವೊಲಿಸುವ ಕಂಪನಿಗಳು. ಬಾಗಿಲ ಮೇಲೆ ದೊಡ್ಡ ಹೆಸರು, ಗೋಡೆಯ ಮೇಲೆ ಅಧ್ಯಕ್ಷರ ಜೊತೆಗಿನ ಫೋಟೊ. ಆ ದುಡ್ಡಿಗೆ ಏನು ಸಿಗುತ್ತೆ, ಬೇರೆ ದಾರಿಗಳಲ್ಲಿ ಏನು ಸಿಗುತ್ತೆ ಅಂತ ಹೋಲಿಸಿ ನೋಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬಾಗಿಲ ಮೇಲಿನ ಹೆಸರು ನೋಡಿ ದುಡ್ಡು ಕೊಡಬೇಡಿ. ನಿಮ್ಮ ಕಡತ ಯಾರ ಮೇಜಿನ ಮೇಲಿರುತ್ತೆ ಅಂತ ನೋಡಿ ಕೊಡಿ.

ಹೆಸರಿನ ಕಂಪನಿ: ಬ್ರೋ ಮತ್ತು ಲಾಟ್ ಕತೆ

ಈ ಬಗೆಯ ಕಂಪನಿ ಅರ್ಥವಾಗಬೇಕಾದರೆ ಬ್ರೋ ಲಾಟ್ ಲೀಡರ್‌ಶಿಪ್ ಗ್ರೂಪ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಟ್ರೆಂಟ್ ಲಾಟ್ ಮಿಸಿಸಿಪಿಯ ರಿಪಬ್ಲಿಕನ್, ಸೆನೆಟ್‌ನ ಬಹುಮತ ನಾಯಕರಾಗಿದ್ದವರು. ಜಾನ್ ಬ್ರೋ ಲೂಯಿಸಿಯಾನದ ಡೆಮಾಕ್ರಟ್, 1987ರಿಂದ 2005ರವರೆಗೆ ಸೆನೆಟರ್. ಅಕ್ಕಪಕ್ಕದ ರಾಜ್ಯ, ಎದುರುಬದುರು ಪಕ್ಷ, ಹಳೇ ಸ್ನೇಹ. 2007ರ ಡಿಸೆಂಬರ್‌ನಲ್ಲಿ ಲಾಟ್ ಅವಧಿ ಮುಗಿಯುವ ಮುಂಚೆಯೇ ರಾಜೀನಾಮೆ ಕೊಟ್ಟರು. 2008ರ ಜನವರಿಯಲ್ಲಿ ಇಬ್ಬರೂ ಸೇರಿ ಕಂಪನಿ ತೆರೆದರು. ಇಬ್ಬರ ಗಂಡುಮಕ್ಕಳೂ ಅದರಲ್ಲಿದ್ದರು.

ಆ ತಾರೀಕು ಗಮನಿಸಿ. ಜಾಕ್ ಅಬ್ರಮಾಫ್ ಅನ್ನುವ ಲಾಬಿದಾರನ ಲಂಚದ ಹಗರಣದ ನಂತರ 2007ರಲ್ಲಿ ಕಾಂಗ್ರೆಸ್, ಅಂದರೆ ಸೆನೆಟ್ ಮತ್ತು ಪ್ರತಿನಿಧಿ ಸಭೆ ಸೇರಿದ ಅಮೆರಿಕದ ಸಂಸತ್ತು, ಒಂದು ಬಿಗಿ ಕಾನೂನು ಮಾಡಿತ್ತು. ಸೆನೆಟ್ ಬಿಟ್ಟವರು ಎರಡು ವರ್ಷ ಲಾಬಿ ಮಾಡುವಂತಿಲ್ಲ ಅಂತ ಅದರಲ್ಲಿತ್ತು. ಅದಕ್ಕೆ ಮುಂಚೆ ಒಂದೇ ವರ್ಷ ಇತ್ತು. ಹೊಸ ನಿಯಮ 2007 ಮುಗಿದ ಮೇಲೆ ಕುರ್ಚಿ ಬಿಟ್ಟವರಿಗೆ ಮಾತ್ರ. ಲಾಟ್ ಡಿಸೆಂಬರ್ 18ಕ್ಕೇ ಹೊರಬಂದಿದ್ದರಿಂದ ಹಳೇ ನಿಯಮವೇ ಅನ್ವಯವಾಯಿತು. ನಿಯಮ ಕಾರಣ ಅಲ್ಲ ಅಂತ ಅವರು ಹೇಳಿದರು. ಆದರೂ ಜನ ಕೊಟ್ಟ ಆರು ವರ್ಷದ ಅವಧಿಯಲ್ಲಿ ಒಂದು ವರ್ಷ ಮುಗಿಸಿ ಎದ್ದು ಹೋದದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಗಿರಾಕಿಗಳಲ್ಲಿ ದೂರಸಂಪರ್ಕ ಕಂಪನಿ ಎಟಿ ಅಂಡ್ ಟಿ ಇತ್ತು, ರಕ್ಷಣಾ ಕಂಪನಿ ನಾರ್ತ್‌ರಾಪ್ ಗ್ರಮನ್ ಇತ್ತು. ನಾರ್ತ್‌ರಾಪ್‌ನ ದೊಡ್ಡ ಹಡಗುಕಟ್ಟೆ ಆಗ ಇದ್ದದ್ದು ಪ್ಯಾಸ್ಕಗೂಲದಲ್ಲಿ, ಅಂದರೆ ಲಾಟ್ ಅವರ ಸ್ವಂತ ಊರಿನಲ್ಲಿ. ಆ ಹಡಗುಕಟ್ಟೆಯ ವಿಷಯ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇದು ಈ ಬಗೆಯ ಕಂಪನಿಯ ನಿಜವಾದ ಶಕ್ತಿ. ಯಾವ ಸಮಿತಿಯಲ್ಲಿ ಮಸೂದೆ ಸಿಕ್ಕಿಹಾಕಿಕೊಳ್ಳುತ್ತೆ, ಯಾವ ಸೆನೆಟರ್‌ಗೆ ತನ್ನ ರಾಜ್ಯದ ಯಾವ ಕಾರ್ಖಾನೆಯ ಚಿಂತೆ ಇದೆ, ರಜೆಗೆ ಮುಂಚಿನ ರಾತ್ರಿ ಯಾವ ಸಾಲು ಒಳಗೆ ಸೇರುತ್ತೆ, ಇವೆಲ್ಲ ವರ್ಷಗಟ್ಟಲೆ ಒಳಗಿದ್ದವರಿಗೆ ಕರತಲಾಮಲಕ. ಅವರು ಫೋನ್ ಮಾಡಿದರೆ ಎತ್ತುತ್ತಾರೆ. ಎರಡೂ ಪಕ್ಷದವರು ಎತ್ತುತ್ತಾರೆ.

ಆದರೆ ಕಂಪನಿ ಸ್ವತಂತ್ರವಾಗಿ ನಿಂತದ್ದು ಸ್ವಲ್ಪ ಕಾಲ. 2010ರಲ್ಲಿ ಪ್ಯಾಟನ್ ಬಾಗ್ಸ್ ಅನ್ನುವ ದೊಡ್ಡ ಕಾನೂನು ಸಂಸ್ಥೆ ಅದನ್ನು ಕೊಂಡಿತು. 2014ರಲ್ಲಿ ಆ ಸಂಸ್ಥೆ ಇನ್ನೊಂದರ ಜೊತೆ ಸೇರಿ ಸ್ಕ್ವೈರ್ ಪ್ಯಾಟನ್ ಬಾಗ್ಸ್ ಆಯಿತು. ಅದೇ ವರ್ಷ ಇಬ್ಬರು ಮಾಜಿ ಸೆನೆಟರ್‌ಗಳೂ ರಷ್ಯದ ಗಾಜ್‌ಪ್ರೊಮ್‌ಬ್ಯಾಂಕ್ ಪರ ಲಾಬಿಗೆ ಹೆಸರು ನೋಂದಾಯಿಸಿದರು. ಅಮೆರಿಕ ಆ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದ್ದ ವರ್ಷ ಅದು. 2020ರ ಜೂನ್‌ನಲ್ಲಿ ಇಬ್ಬರೂ ಕ್ರಾಸ್‌ರೋಡ್ಸ್ ಸ್ಟ್ರಾಟಜೀಸ್‌ಗೆ ಹೋದರು. ಹನ್ನೆರಡು ವರ್ಷದಲ್ಲಿ ಹೆಸರು ಹಲವು ಬಾಗಿಲು ಬದಲಿಸಿತು. ಗಿರಾಕಿಯಾಗಿ ನೀವು ಕೇಳಬೇಕಾದ್ದು ಇದೇ: ನಾಯಕರು ಹೊರಟರೆ ನನ್ನ ಕೆಲಸ ಯಾರ ಹತ್ತಿರ ಉಳಿಯುತ್ತೆ?

ಪರಿಚಯದ ಬೆಲೆ ಎಷ್ಟು ದಿನ

ಇದಕ್ಕೆ ಅಂಕಿಯ ಉತ್ತರವೂ ಇದೆ. ಸೆನೆಟರ್‌ಗಳ ಕಚೇರಿಯಲ್ಲಿ ದುಡಿದು ಆಮೇಲೆ ಲಾಬಿಗೆ ಬಂದವರ ಆದಾಯವನ್ನು ಮೂವರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2012ರಲ್ಲಿ ಪ್ರಕಟಿಸಿದರು. ತಮ್ಮ ಹಳೇ ಸೆನೆಟರ್ ಸದನ ಬಿಟ್ಟ ಕೂಡಲೇ ಅವರ ಗಳಿಕೆ ಸುಮಾರು 24 ಶೇಕಡಾ ಬೀಳುತ್ತಿತ್ತು, ಅಂದರೆ ವರ್ಷಕ್ಕೆ ಸುಮಾರು 1,82,000 ಡಾಲರ್. ಗಿರಾಕಿಗಳು ದುಡ್ಡು ಕೊಡುತ್ತಿದ್ದದ್ದು ತಿಳಿವಳಿಕೆಗಿಂತ ಹೆಚ್ಚಾಗಿ ನಂಟಿಗೆ. 2014ರಲ್ಲಿ ಬಂದ ಇನ್ನೊಂದು ಅಧ್ಯಯನ ಮತ್ತೊಂದು ವಿಷಯ ತೋರಿಸಿತು: ಜನಪ್ರತಿನಿಧಿ ಒಂದು ಸಮಿತಿಯಿಂದ ಇನ್ನೊಂದಕ್ಕೆ ಹೋದರೆ, ಅವರಿಗೆ ಹತ್ತಿರದ ಲಾಬಿದಾರರೂ ವಿಷಯ ಬದಲಿಸಿ ಹಿಂದೆಯೇ ಹೋಗುತ್ತಾರೆ. ನಿನ್ನೆ ಆರೋಗ್ಯ, ಇವತ್ತು ರಕ್ಷಣೆ.

ಮಾಜಿ ಸದಸ್ಯರ ಸ್ಥಿತಿಯೂ ಹತ್ತಿರಹತ್ತಿರ ಹೀಗೇ ಅಂತ ನನ್ನ ಅನಿಸಿಕೆ. ಸದನದಲ್ಲಿ ಅವರ ಜೊತೆ ಕೂತಿದ್ದವರು ನಿವೃತ್ತರಾಗುತ್ತಾ ಹೋಗುತ್ತಾರೆ. ಹಾಗಾಗಿ ಇಂಥ ಕಂಪನಿ ನೋಡಲು ಹೋದರೆ, ಅವರು ಯಾವ ವರ್ಷ ಸದನ ಬಿಟ್ಟರು, ಅವರ ಕಾಲದ ಎಷ್ಟು ಜನ ಈಗ ನಿಮ್ಮ ವಿಷಯದ ಸಮಿತಿಯಲ್ಲಿದ್ದಾರೆ ಅಂತ ಕೂತು ಪಟ್ಟಿ ಮಾಡಿ. ಒಂದು ಸಂಜೆಯ ಕೆಲಸ. ಬಹಳ ಜನ ಅದನ್ನೂ ಮಾಡುವುದಿಲ್ಲ.

ತೀರಾ ಹೊಸದಾಗಿ ಹೊರಬಂದವರಲ್ಲಿ ಬೇರೆ ತೊಡಕು. ಸೆನೆಟರ್‌ಗೆ ಎರಡು ವರ್ಷ, ಪ್ರತಿನಿಧಿ ಸಭೆಯವರಿಗೆ ಒಂದು ವರ್ಷ ಕಾಂಗ್ರೆಸ್ಸನ್ನು ನೇರವಾಗಿ ಸಂಪರ್ಕಿಸಿ ಲಾಬಿ ಮಾಡುವಂತಿಲ್ಲ. ಆದರೆ ಹಿಂದೆ ಕೂತು ಸಲಹೆ ಕೊಡಬಹುದು. ಲಾಬಿದಾರ ಅಂತ ನೋಂದಾಯಿಸುವುದೂ ಒಬ್ಬ ಗಿರಾಕಿಗೆ ಕೊಡುವ ಸಮಯದಲ್ಲಿ ಕನಿಷ್ಠ 20 ಶೇಕಡಾ ಲಾಬಿ ಕೆಲಸವಾಗಿದ್ದರೆ ಮಾತ್ರ. ಸೆನೆಟ್‌ನ ಮಾಜಿ ಡೆಮಾಕ್ರಟಿಕ್ ನಾಯಕ ಟಾಮ್ ಡ್ಯಾಶ್ಲ್ 2005ರಲ್ಲಿ ಸದನದಿಂದ ಹೊರಬಂದು ಕಾನೂನು ಸಂಸ್ಥೆಗಳಲ್ಲಿ ಸಲಹೆಗಾರರಾಗಿದ್ದರು. ಲಾಬಿದಾರ ಅಂತ ಹೆಸರು ಬರೆಸಿದ್ದು 2016ರಲ್ಲಿ. ಕಾನೂನು ಮುರಿದಿಲ್ಲ. ಆದರೆ ಹೆಸರು ನೋಂದಣಿಯಲ್ಲಿ ಇಲ್ಲದಿದ್ದರೆ ಜನರಿಗೆ ಕಾಣುವುದು ಏನೂ ಇರುವುದಿಲ್ಲ, ಅಲ್ವಾ?

ತಡೆಯುವ ಕೆಲಸ ಬೇರೆ, ಪಾಸು ಮಾಡಿಸುವ ಕೆಲಸ ಬೇರೆ

ಮಾಜಿ ನಾಯಕರು ಎಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತಾರೆ ಅನ್ನುವುದಕ್ಕೆ ಟರ್ಕಿಯ ಪ್ರಕರಣ ನೋಡಿ. ಬಾಬ್ ಲಿವಿಂಗ್‌ಸ್ಟನ್ ಪ್ರತಿನಿಧಿ ಸಭೆಯ ಹಣ ಹಂಚಿಕೆ ಸಮಿತಿಯ ಅಧ್ಯಕ್ಷರಾಗಿದ್ದವರು, ಸ್ಪೀಕರ್ ಕುರ್ಚಿಯ ಹತ್ತಿರ ಬಂದಿದ್ದವರು. 1999ರಲ್ಲಿ ರಾಜೀನಾಮೆ ಕೊಟ್ಟು ಲಿವಿಂಗ್‌ಸ್ಟನ್ ಗ್ರೂಪ್ ಶುರು ಮಾಡಿದರು. ಟರ್ಕಿ ಸರ್ಕಾರ ಅವರ ದೊಡ್ಡ ಗಿರಾಕಿಯಾಯಿತು. 2007ರಲ್ಲಿ ಡಿಕ್ ಗೆಪಾರ್ಟ್ ಕೂಡ ಟರ್ಕಿಯ ಪರ ಬಂದರು. ಗೆಪಾರ್ಟ್ ಅದೇ ಸಭೆಯಲ್ಲಿ ಡೆಮಾಕ್ರಟ್‌ಗಳ ನಾಯಕರಾಗಿದ್ದವರು. ಟರ್ಕಿಗೆ ಬೇಕಿದ್ದದ್ದು ಮುಖ್ಯವಾಗಿ ಒಂದು: ಟರ್ಕಿಯ ಹಿಂದಿನ ಆಟೊಮನ್ ಸಾಮ್ರಾಜ್ಯದಲ್ಲಿ 1915ರಲ್ಲಿ ನಡೆದ ಅರ್ಮೇನಿಯನ್ನರ ಹತ್ಯೆಯನ್ನು ನರಮೇಧ ಅಂತ ಕರೆಯುವ ನಿರ್ಣಯ ಪಾಸಾಗಬಾರದು.

2007ರ ಅಕ್ಟೋಬರ್ 10ರಂದು ವಿದೇಶಾಂಗ ಸಮಿತಿಯಲ್ಲಿ ನಿರ್ಣಯ 27–21 ಮತಗಳಿಂದ ಗೆದ್ದಿತು. ಆದರೆ ಇಡೀ ಸಭೆಯ ಮತಕ್ಕೆ ಬರಲೇ ಇಲ್ಲ. ಬುಷ್ ಸರ್ಕಾರವೂ ವಿರೋಧಿಸಿತ್ತು, ಹಾಗಾಗಿ ಎಲ್ಲವೂ ಲಾಬಿಯ ಕೈಚಳಕ ಅನ್ನಲು ಆಗದು. ಆದರೂ ತಡೆಯುವ ಕೆಲಸಕ್ಕೆ ಹಳೇ ನಾಯಕರು ಎಷ್ಟು ಸೂಕ್ತ ಅಂತ ಗೊತ್ತಾಗುತ್ತದೆ. ತಡೆಯಲು ನೂರಾರು ಮತ ಬೇಡ. ಕಾರ್ಯಸೂಚಿ ಕೈಯಲ್ಲಿರುವ ಕೆಲವರು ಇವತ್ತು ಬೇಡ ಅಂದರೆ ಸಾಕು. ಆ ಕೆಲವರನ್ನು ಬಲ್ಲವರು ಮಾಜಿ ನಾಯಕರೇ. 2019ರ ಅಕ್ಟೋಬರ್‌ನಲ್ಲಿ ಟರ್ಕಿಯ ಮೇಲೆ ಕಾಂಗ್ರೆಸ್ಸಿಗೆ ಸಿಟ್ಟು ಬಂದಾಗ ನಿರ್ಣಯ 405–11ರಲ್ಲಿ ಪಾಸಾಯಿತು, ಡಿಸೆಂಬರ್‌ನಲ್ಲಿ ಸೆನೆಟ್ ಕೂಡ ಸರ್ವಾನುಮತದಿಂದ ಒಪ್ಪಿತು. ಅಷ್ಟು ವರ್ಷದ ದುಡ್ಡಿಗೆ ಟರ್ಕಿಗೆ ಸಿಕ್ಕಿದ್ದು ಸಮಯ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಗೆಪಾರ್ಟ್ ಸದನದಲ್ಲಿದ್ದಾಗ ಅದೇ ಬಗೆಯ ನಿರ್ಣಯದ ಪರವಾಗಿದ್ದವರು. ತಾತ ಮುತ್ತಾತಂದಿರನ್ನು ಕಳೆದುಕೊಂಡ ಅರ್ಮೇನಿಯನ್ ಮನೆಗಳು ಅವರ ಮಾತು ನಂಬಿದ್ದವು. ಲಾಬಿ ಮಾಡುವುದು ಅಮೆರಿಕದಲ್ಲಿ ಸಂವಿಧಾನ ಕೊಟ್ಟ ಹಕ್ಕು, ಸರ್ಕಾರಕ್ಕೆ ಅಹವಾಲು ಹೇಳುವ ಹಕ್ಕು. ಅದನ್ನು ನಾನು ಗೌರವಿಸುತ್ತೇನೆ. ಆದರೆ ದುಡ್ಡಿಗೆ ನಿಲುವು ಬದಲಿಸಿದವರು ನಾಳೆ ನಿಮ್ಮ ಎದುರಾಳಿಯ ಪರವೂ ಹೋಗಬಹುದು. ಒಪ್ಪಂದಕ್ಕೆ ಮುಂಚೆ ಅವರು ಸದನದಲ್ಲಿ ನಿಮ್ಮ ವಿಷಯದ ಮೇಲೆ ಹೇಗೆ ಮತ ಹಾಕಿದ್ದರು ಅಂತ ತೆಗೆದು ನೋಡಿ. ಹೆಸರು ಹಿಡಿದು ಎಣಿಸಿದ ಮತಗಳು ದಾಖಲೆಯಲ್ಲಿವೆ.

ಬೇರೆ ದಾರಿಗಳು

ದೊಡ್ಡ ಕಾನೂನು ಸಂಸ್ಥೆಗಳು ಮೊದಲನೆಯವು. ಏಕಿನ್ ಗಂಪ್, ಬ್ರೌನ್‌ಸ್ಟೈನ್ ಥರದವು. ಇಲ್ಲಿ ಮಾಜಿ ಸಂಸದರೂ ಇರುತ್ತಾರೆ, ಜೊತೆಗೆ ಮಸೂದೆಯ ಸಾಲು ಬರೆಯಬಲ್ಲ ವಕೀಲರೂ ಇರುತ್ತಾರೆ. ನಿಮ್ಮ ತೊಂದರೆ ಕಾಂಗ್ರೆಸ್ಸಿನಲ್ಲಿ ಇಲ್ಲದೆ ಇಲಾಖೆಯ ನಿಯಮದಲ್ಲಿದ್ದರೆ ಇವರೇ ಸರಿ. ವೀಸಾ ವಿಷಯದಲ್ಲಿ ಬಹುಪಾಲು ಹಾಗೇ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಬಂದದ್ದು ಟ್ರಂಪ್ ಅವರ ಒಂದು ಘೋಷಣೆಯಿಂದ. ಅದಕ್ಕೆ ಕಾಂಗ್ರೆಸ್ಸಿನಲ್ಲಿ ಮತವೇ ಇರಲಿಲ್ಲ. ಅಂಥ ಕಡೆ ಮಾಜಿ ಸೆನೆಟರ್‌ನ ಹಳೇ ಗೆಳೆತನ ಏನು ಮಾಡೀತು? ಅಲ್ಲಿ ಕೋರ್ಟು, ಇಲಾಖೆ, ಶ್ವೇತಭವನ ಇಷ್ಟೇ. ತೊಂದರೆ ಅಂದರೆ ಗಂಟೆ ಲೆಕ್ಕದ ಬಿಲ್ಲು. ಅಷ್ಟು ಗಿರಾಕಿಗಳಿರುವ ಕಡೆ ನಿಮ್ಮ ಎದುರಾಳಿಯೂ ಅಲ್ಲೇ ಗಿರಾಕಿ ಆಗಿರಬಹುದು. ಮೊದಲ ದಿನವೇ ಕೇಳಿ.

ಎರಡನೆಯದು ಸಮಿತಿಗಳ ಮಾಜಿ ಸಿಬ್ಬಂದಿ ನಡೆಸುವ ಸಣ್ಣ ಕಂಪನಿಗಳು. ನಡುಗಾತ್ರದ ಕಂಪನಿಗೆ ಅಥವಾ ಸಂಘಕ್ಕೆ ನಾನು ಮೊದಲು ಸೂಚಿಸುವುದು ಇವರನ್ನೇ. ಮಸೂದೆಯ ಮಾತು ಸೆನೆಟರ್ ಬರೆಯುವುದಿಲ್ಲ, ಸಮಿತಿಯ ಸಿಬ್ಬಂದಿ ಬರೆಯುತ್ತಾರೆ. ನ್ಯಾಯ ಸಮಿತಿಯಲ್ಲಿ ವಲಸೆ ವಿಷಯ ನೋಡಿದ್ದ ವಕೀಲ ಅಥವಾ ವಕೀಲೆಗೆ ಆ ಮೇಜಿನಲ್ಲಿ ಈಗ ಯಾರು ಕೂತಿದ್ದಾರೆ, ಅವರಿಗೆ ಯಾವ ಮಾಹಿತಿ ಬೇಕು, ಎಷ್ಟು ಪುಟ ಓದುವ ತಾಳ್ಮೆ ಇದೆ ಅಂತ ಗೊತ್ತು. ದೊಡ್ಡ ಹೆಸರಿಲ್ಲದ ಕಾರಣ ದರ ಕಡಿಮೆ. ನಿಮ್ಮ ಫೋನನ್ನೂ ಅವರೇ ಎತ್ತುತ್ತಾರೆ. ಸುಮ್ನೆ ಊಟಕ್ಕೆ ಕರೆದು ಕೈ ಕುಲುಕಿಸುವವರಿಗಿಂತ ಎರಡು ಪುಟದ ಒಳ್ಳೆ ಟಿಪ್ಪಣಿ ಬರೆಯುವವರು ಎಷ್ಟೋ ಮೇಲು.

ವ್ಯಾಪಾರ ಸಂಘ ಮೂರನೆಯದು. ಭಾರತದ ಐಟಿ ಕಂಪನಿಗಳ ಸಂಘ ನಾಸ್ಕಾಂ ವರ್ಷಗಳಿಂದ ವಾಷಿಂಗ್ಟನ್‌ನಲ್ಲಿ ಲಾಬಿ ಕಂಪನಿಗಳನ್ನು ಇಟ್ಟುಕೊಂಡು ಬಂದಿದೆ. ಇಡೀ ಉದ್ಯಮಕ್ಕೆ ಬೀಳುವ ಪೆಟ್ಟಾದರೆ ಒಬ್ಬರೇ ದುಡ್ಡು ಸುರಿಯಬೇಡಿ, ಸಂಘದ ಮೂಲಕ ಹೋಗಿ. ಆದರೆ 2010ರ ಶುಲ್ಕದ ಲೆಕ್ಕ ನೆನಪಿಡಿ. ಅರ್ಧಕ್ಕಿಂತ ಹೆಚ್ಚು ವೀಸಾ ನೌಕರರಿದ್ದವರಿಗೆ ಮಾತ್ರ ಅದು ಬಿತ್ತು, ಉಳಿದವರು ಪಾರಾದರು. ಸದಸ್ಯರಲ್ಲೇ ಲಾಭ ನಷ್ಟ ಬೇರೆಬೇರೆ ಆದಾಗ ಸಂಘದ ದನಿ ಮೆತ್ತಗಾಗುತ್ತದೆ.

ನಾಲ್ಕನೆಯದು ನಮ್ಮದೇ ಜನ. ಇದನ್ನು ಬಹಳ ಕಂಪನಿಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2008ರ ಭಾರತ–ಅಮೆರಿಕ ಪರಮಾಣು ಒಪ್ಪಂದ ನೋಡಿ. ಪ್ರತಿನಿಧಿ ಸಭೆಯಲ್ಲಿ 298–117, ಸೆನೆಟ್‌ನಲ್ಲಿ 86–13. ಭಾರತದ ರಾಯಭಾರ ಕಚೇರಿ ಆಗ ಇಟ್ಟುಕೊಂಡಿದ್ದ ಮುಖ್ಯ ಕಂಪನಿ ಬಿಜಿಆರ್. ಅದನ್ನು ಕಟ್ಟಿದವರು ಶ್ವೇತಭವನದಲ್ಲಿ, ಪಕ್ಷದಲ್ಲಿ ಕೆಲಸ ಮಾಡಿದ್ದ ರಿಪಬ್ಲಿಕನ್ನರು, ಮಾಜಿ ಶಾಸಕರಲ್ಲ. ಭಾರತದ ಕೆಲಸ ನೋಡಿದ್ದು ರಾಬರ್ಟ್ ಬ್ಲ್ಯಾಕ್‌ವಿಲ್, ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು, ವಿಷಯ ಬಲ್ಲವರು. ಅದರ ಜೊತೆಗೆ ಅಮೆರಿಕದ ಉದ್ದಗಲಕ್ಕೂ ಇದ್ದ ಭಾರತೀಯ ಮೂಲದ ಡಾಕ್ಟರ್‌ಗಳು, ಎಂಜಿನಿಯರ್‌ಗಳು, ಹೋಟೆಲ್ ಮಾಲೀಕರು ತಮ್ಮತಮ್ಮ ಸಂಸದರಿಗೆ ಪತ್ರ ಬರೆದರು, ಕಚೇರಿಗೆ ಹೋಗಿ ಕೂತರು. ಮತ ಹಾಕುವವರು ಬಂದು ಕೂತರೆ ಸಂಸದರು ಕೇಳಲೇಬೇಕು. ಇದಕ್ಕೆ ಫೀಸಿಲ್ಲ. ಆದರೆ ಪೌರತ್ವ ಬೇಕು, ತಿಂಗಳುಗಟ್ಟಲೆ ತಾಳ್ಮೆ ಬೇಕು. ಒಂದು ವಾರದಲ್ಲಿ ಮುಗಿಯುವ ಮಸೂದೆಗೆ ಇದು ಒದಗುವುದಿಲ್ಲ.

ದುಡ್ಡು ಎಷ್ಟು, ಕಡತದಲ್ಲಿ ಏನಿರುತ್ತೆ

ದರ ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ವಿದೇಶಿ ಸರ್ಕಾರದ ಪರ ಕೆಲಸ ಮಾಡುವವರು 1938ರ ಫಾರಾ ಕಾನೂನಿನಡಿ ನ್ಯಾಯ ಇಲಾಖೆಗೆ ಒಪ್ಪಂದದ ಪ್ರತಿಯನ್ನೇ ಕೊಡಬೇಕು, ಅದು ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತೆ. 2025ರ ಏಪ್ರಿಲ್‌ನಲ್ಲಿ ಭಾರತದ ರಾಯಭಾರ ಕಚೇರಿ ಎಸ್‌ಎಚ್‌ಡಬ್ಲ್ಯೂ ಪಾರ್ಟ್‌ನರ್ಸ್ ಜೊತೆ ಮಾಡಿಕೊಂಡ ಒಪ್ಪಂದ ವರ್ಷಕ್ಕೆ 18 ಲಕ್ಷ ಡಾಲರ್. ಆಗಸ್ಟ್‌ನಲ್ಲಿ ಮರ್ಕ್ಯುರಿ ಜೊತೆ ಮಾಡಿಕೊಂಡದ್ದು ಮೂರು ತಿಂಗಳಿಗೆ, ತಿಂಗಳಿಗೆ 75,000 ಡಾಲರ್. ಮರ್ಕ್ಯುರಿಯ ಪಾಲುದಾರರಲ್ಲಿ ಮಾಜಿ ಸೆನೆಟರ್ ಡೇವಿಡ್ ವಿಟರ್ ಒಬ್ಬರು. ಇವು ಒಂದು ದೇಶ ಕೊಡುವ ದರ. ನಿಮ್ಮ ಕಂಪನಿ ಇದನ್ನು ಅಳತೆಗೋಲು ಮಾಡಿಕೊಳ್ಳಬಾರದು.

ಖಾಸಗಿ ಗಿರಾಕಿಗಳ ವಿಷಯ 1995ರ ಲಾಬಿ ಕಾನೂನಿನಡಿ ಬರುತ್ತೆ. ಪ್ರತಿ ಮೂರು ತಿಂಗಳಿಗೊಂದು ವರದಿ: ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ 20ಕ್ಕೆ ಗಡುವು. ಒಂದನ್ನು ತೆರೆದು ನೋಡಿ. ಮೇಲೆ ಗಿರಾಕಿಯ ಹೆಸರು. ಆಮೇಲೆ ಆ ಮೂರು ತಿಂಗಳ ಆದಾಯ, ಹತ್ತಿರದ ಹತ್ತು ಸಾವಿರ ಡಾಲರ್‌ಗೆ ಸರಿಹೊಂದಿಸಿದ್ದು. ಕೆಳಗೆ ವಿಷಯದ ಸಂಕೇತ, ವಲಸೆಯಾದರೆ ಐಎಂಎಂ. ಅದರ ಕೆಳಗೆ ಯಾವ ಮಸೂದೆ, ಯಾವ ಸದನ, ಯಾವ ಇಲಾಖೆ. ಕೊನೆಗೆ ಕೆಲಸ ಮಾಡಿದ ಲಾಬಿದಾರರ ಹೆಸರುಗಳು. ನೀವು ನಿಧಾನವಾಗಿ ಓದಬೇಕಾದ್ದು ಈ ಕೊನೆಯ ಭಾಗ. ಕಂಪನಿ ಬಾಗಿಲ ಮೇಲಿರುವ ಹೆಸರು ಅಲ್ಲಿ ಇದೆಯಾ? ನಿಮ್ಮಷ್ಟೇ ಗಾತ್ರದ ಗಿರಾಕಿಗಳ ವರದಿಯಲ್ಲಿ ಇದೆಯಾ, ಇಲ್ಲ ಬರೀ ಎಟಿ ಅಂಡ್ ಟಿಯಂಥವರ ವರದಿಯಲ್ಲಿ ಮಾತ್ರ ಇದೆಯಾ? ಯಾರನ್ನು ಭೇಟಿಯಾದರು ಅಂತ ಈ ವರದಿ ಹೇಳುವುದಿಲ್ಲ. ಫಾರಾ ವರದಿಯಲ್ಲಿ ಅದೂ ಇರುತ್ತೆ, ತಾರೀಕು ಸಮೇತ.

ನಮ್ಮ ದೇಶದಲ್ಲಿ ಇಂಥ ನೋಂದಣಿಯೇ ಇಲ್ಲ. 2012ರ ಡಿಸೆಂಬರ್‌ನಲ್ಲಿ ವಾಲ್‌ಮಾರ್ಟ್ ಲಾಬಿ ಅಂತ ನಮ್ಮ ಸಂಸತ್ತಿನಲ್ಲಿ ಗದ್ದಲ ಎದ್ದು ತನಿಖೆ ಆಯಿತಲ್ಲ, ಆ ಮಾಹಿತಿ ಸಿಕ್ಕಿದ್ದು ಅಮೆರಿಕದ ಈ ವರದಿಗಳಿಂದಲೇ.

ಒಪ್ಪಂದಕ್ಕೆ ಕೂತಾಗ

ಕಾಂಗ್ರೆಸ್ಸಿನಲ್ಲಿ ಒಂದು ಸಾಲನ್ನು ತಡೆಯಬೇಕು, ವಿಷಯ ಇಬ್ಬರು ಮೂವರು ಹಿರಿಯರ ಕೈಯಲ್ಲಿದೆ, ಆ ಹಿರಿಯರು ಇವರ ಕಾಲದವರು: ಈ ಮೂರೂ ಇದ್ದರೆ ಮಾಜಿ ನಾಯಕರ ಕಂಪನಿಗೆ ದುಡ್ಡು ಕೊಡುವುದು ಸರಿ. ಬೇರೆ ಸಂದರ್ಭದಲ್ಲಿ ಮಾಜಿ ಸಿಬ್ಬಂದಿಯ ಕಂಪನಿಯಿಂದ ಶುರು ಮಾಡಿ, ಬೇಕಾದರೆ ವಕೀಲರನ್ನು ಸೇರಿಸಿಕೊಳ್ಳಿ.

ಯಾರ ಜೊತೆ ಮಾಡಿಕೊಂಡರೂ ಒಪ್ಪಂದದಲ್ಲಿ ಕೆಲಸ ಮಾಡುವವರ ಹೆಸರು ಬರೆಸಿ. ಅವರು ಕಂಪನಿ ಬಿಟ್ಟರೆ ನೀವೂ ಬಿಡಬಹುದು ಅಂತ ಬರೆಸಿ. ವರ್ಷದ ಒಪ್ಪಂದ ಬೇಡ, ಮೂರು ತಿಂಗಳಿಂದ ಶುರು ಮಾಡಿ. ತಿಂಗಳಿಗೊಮ್ಮೆ ಯಾರನ್ನು ಕಂಡರು, ಏನು ಹೇಳಿದರು, ಏನು ಉತ್ತರ ಬಂತು ಅಂತ ಬರಹದಲ್ಲಿ ಕೇಳಿ. ಎದುರಾಳಿ ಗಿರಾಕಿ ಬಂದರೆ ಮೊದಲು ನಿಮಗೆ ತಿಳಿಸಬೇಕು ಅಂತ ಸೇರಿಸಿ. ಕೆಲಸ ಆದರೆ ಮಾತ್ರ ದುಡ್ಡು ಕೊಡಿ ಅನ್ನುವವರಿಂದ ದೂರ ಇರಿ. ಅಮೆರಿಕದ ಬಹಳ ರಾಜ್ಯಗಳಲ್ಲಿ ಅಂಥ ಫೀಸು ನಿಷಿದ್ಧ, ವಿದೇಶಿ ಸರ್ಕಾರದ ಪರವಾದರೆ ಫಾರಾ ಕಾನೂನೂ ಒಪ್ಪುವುದಿಲ್ಲ. ಮಸೂದೆ ಖಂಡಿತ ಪಾಸು ಮಾಡಿಸುತ್ತೇನೆ ಅಂತ ಯಾರಾದರೂ ಭರವಸೆ ಕೊಟ್ಟರೆ, ಕಾಫಿ ಮುಗಿಸಿ ಎದ್ದು ಬನ್ನಿ.